ಬೀಗ ಬಿತ್ತು

ಲಿಫ್ಟ್ ಮೆಕ್ಯಾನಿಕ್‌ಗಳ ಸಾಮ್ರಾಜ್ಯದಲ್ಲಿ ಅವನಿಗೆ ಗವರ್ನರ್ ಎಂಬ ಬಿರುದಿತ್ತು. ಯಾವ ಸರ್ಕಾರವೂ ಕೊಟ್ಟದ್ದಲ್ಲ. ಲಿಫ್ಟಿನ ಪೆಟ್ಟಿಗೆ ಅಂಕೆ ಮೀರಿ ಕೆಳಕ್ಕೆ ಧಾವಿಸಿದರೆ ಅದನ್ನು ಹಳಿಗೆ ಕಚ್ಚಿಸಿ ನಿಲ್ಲಿಸುವ ಒಂದು ಚಕ್ರವಿದೆ, ಅದರ ಹೆಸರು ಗವರ್ನರ್. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇವನು ಸಿಕ್ಕಸಿಕ್ಕವರ ಮುಂದೆಲ್ಲ ಆ ಚಕ್ರದ ಮಹಿಮೆಯನ್ನು ಕೊಚ್ಚುತ್ತಿದ್ದ. ಹೆಣ್ಣು ನೋಡಲು ಹೋದಾಗ ಹುಡುಗಿಯ ತಂದೆ "ನಮ್ಮ ಮಗಳನ್ನ ಚೆನ್ನಾಗಿ ನೋಡ್ಕೋತೀರಾ?" ಎಂದು ಕೇಳಿದ್ದಕ್ಕೆ, "ಹಗ್ಗ ಹರಿದ್ರೂ ಬೀಳೋದಿಲ್ಲ ಮಾವ" ಎಂದು ಉತ್ತರ ಕೊಟ್ಟಿದ್ದ. ಮಾವನಿಗೆ ಏನು ಅರ್ಥವಾಯಿತೋ, ಮದುವೆಯಂತೂ ಆಯಿತು.

ಊರಿನ ಜನ ದಿನವೂ ತಮ್ಮ ಪ್ರಾಣವನ್ನು ಅವನ ಕೈಗೆ ಒಪ್ಪಿಸಿ, ಬಾಗಿಲು ಮುಚ್ಚಿ, ಬಟನ್ ಒತ್ತಿ, ಒಳಗಿನ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದರು. ಅವನ ಮುಖ ಹೇಗಿದೆಯೆಂದು ಒಬ್ಬರಿಗೂ ಗೊತ್ತಿರಲಿಲ್ಲ. ಅದರಲ್ಲೇ ಅವನಿಗೊಂದು ಹೆಮ್ಮೆ. ಮಹಡಿಯ ಮೇಲಿನ ಮೋಟಾರು ಕೋಣೆಯಲ್ಲಿ, ಗ್ರೀಸು ಮೆತ್ತಿದ ಸ್ಟೂಲಿನ ಮೇಲೆ ಕುಳಿತು, ಕೆಳಗೆ ಏರುವ ಇಳಿಯುವ ಪ್ರಜೆಗಳನ್ನು ಮನಸ್ಸಿನಲ್ಲೇ ಆಶೀರ್ವದಿಸುತ್ತಿದ್ದ.

ಅವನ ಜೊತೆ ಕೆಲಸ ಮಾಡುತ್ತಿದ್ದವನು ಅವನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಅವನನ್ನು ಈ ಕೆಲಸಕ್ಕೆ ತಂದು ಸೇರಿಸಿದವನೂ ಗವರ್ನರನೇ. ಷಡ್ಡಕ ಸಣಕಲು, ಮಾತಿನ ಮಲ್ಲ. ಲಿಫ್ಟಿನ ತಳದ ಗುಂಡಿಗೆ ಇಳಿದು ಎಣ್ಣೆಯ ರಾಡಿ ಬಳಿಯುವಾಗ ಸಿಳ್ಳೆ ಹಾಕುತ್ತಿದ್ದ. ಆ ಸಿಳ್ಳೆ ಉದ್ದನೆಯ ಕತ್ತಲ ಕೊಳವೆಯಲ್ಲಿ ಮೇಲೇರಿ ಮೋಟಾರು ಕೋಣೆಗೆ ಬರುವ ಹೊತ್ತಿಗೆ ಯಾರೋ ಅಳುತ್ತಿರುವಂತೆ ಕೇಳುತ್ತಿತ್ತು. "ನಿನ್ನ ಸಂಗೀತಕ್ಕೆ ಹಗ್ಗ ಹರಿಯುತ್ತೆ ಕಣೋ" ಎಂದು ಗವರ್ನರ್ ಮೇಲಿನಿಂದ ಕೂಗುವುದು, "ಹರಿದ್ರೆ ನೀನಿದ್ದೀಯಲ್ಲ, ಗವರ್ನರು!" ಎಂದು ಅವನು ಕೆಳಗಿನಿಂದ ಕೂಗುವುದು, ಇದು ಅವರ ನಿತ್ಯದ ಸಂಭಾಷಣೆ.

ಆ ಕೆಲಸದಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಯಾರು ಗುಂಡಿಗೆ ಇಳಿಯುತ್ತಾನೋ ಅವನು ಮೊದಲು ಮೇಲೆ ಹೋಗಿ, ಮುಖ್ಯ ಸ್ವಿಚ್ಚನ್ನು ಆರಿಸಿ, ಅದಕ್ಕೆ ತನ್ನದೇ ಬೀಗ ಜಡಿದು, ಕೀಲಿಯನ್ನು ತನ್ನ ಜೇಬಿನಲ್ಲೇ ಇಟ್ಟುಕೊಂಡು ಇಳಿಯಬೇಕು. ಸ್ವಿಚ್ಚಿನ ಮೇಲೆ ಬೀಗವಿದ್ದರೆ ಕೆಳಗೆ ಮನುಷ್ಯನಿದ್ದಾನೆ. ಬೀಗವಿಲ್ಲದಿದ್ದರೆ ಕೆಲಸ ಮುಗಿದಿದೆ, ಕರೆಂಟು ಕೊಡಬಹುದು. ಆದರೆ ಷಡ್ಡಕರ ನಡುವೆ ನಿನ್ನ ಬೀಗ ನನ್ನ ಬೀಗ ಎಂಬ ಭೇದವೇಕೆ? ಅಷ್ಟು ಮಹಡಿ ಹತ್ತಿ ಇಳಿಯುವ ಕಷ್ಟವೇಕೆ? ಹಾಗಾಗಿ ಅವರದೇ ಒಂದು ಪದ್ಧತಿ ಬೆಳೆದುಬಿಟ್ಟಿತ್ತು. ಮೇಲಿದ್ದ ಗವರ್ನರ್ ತನ್ನ ಬೀಗ ಜಡಿದು, ಕೊಳವೆಯೊಳಗೆ ಬಗ್ಗಿ "ಬೀಗ ಬಿತ್ತು!" ಎಂದು ಕೂಗುತ್ತಿದ್ದ. ಆ ಕೂಗನ್ನು ನಂಬಿ ಷಡ್ಡಕ ಇಳಿಯುತ್ತಿದ್ದ.

ಹೀಗಿರುವಾಗ ಗವರ್ನರನ ಬೆನ್ನು ಕೈಕೊಟ್ಟಿತು. ಹಳೆಯ ಮೋಟಾರೊಂದನ್ನು ಎತ್ತುವಾಗ ಸೊಂಟದಲ್ಲಿ ಏನೋ ಲಟಕ್ಕೆಂದಿತು. ಡಾಕ್ಟರು ಸ್ವಲ್ಪ ದಿನಕ್ಕೆಂದು ಬಲವಾದ ನೋವಿನ ಮಾತ್ರೆ ಬರೆದುಕೊಟ್ಟರು. ಮಾತ್ರೆ ನುಂಗಿದಾಗ ಬೆನ್ನಿನ ನೋವಷ್ಟೇ ಅಲ್ಲ, ಕಂಪನಿಯ ಸಾಹೇಬರ ಬೈಗುಳದ ನೋವು, ಮಗಳ ಪರೀಕ್ಷೆಯ ಚಿಂತೆ, ತಲೆ ಬೋಳಾಗುತ್ತಿರುವ ದುಃಖ ಎಲ್ಲವೂ ಬೆಚ್ಚನೆಯ ನೀರಿನಲ್ಲಿ ನೆನೆಸಿಟ್ಟಂತೆ ಮೆತ್ತಗಾದವು. ಕೆಲವೇ ವಾರದಲ್ಲಿ ಬೆನ್ನುನೋವು ಗಂಟುಮೂಟೆ ಕಟ್ಟಿಕೊಂಡು ಹೊರಟುಹೋಯಿತು. ಮಾತ್ರೆ ಮನೆಯಳಿಯನಾಗಿ ಉಳಿದುಬಿಟ್ಟಿತು.

ಮುಂದೆ ನಡೆದದ್ದು ದಿಗ್ವಿಜಯ. ಊರಿನ ಔಷಧಿ ಅಂಗಡಿಗಳನ್ನು ಒಂದೊಂದಾಗಿ ಗೆದ್ದ. ಹಳೆಯ ಚೀಟಿಯನ್ನು ಹಿಡಿದುಕೊಂಡು ಒಂದು ಅಂಗಡಿಯಲ್ಲಿ ತನ್ನ ಬೆನ್ನು, ಇನ್ನೊಂದರಲ್ಲಿ ಅಣ್ಣನ ಮುರಿದ ಕಾಲು, ಮತ್ತೊಂದರಲ್ಲಿ ಅತ್ತೆಯ ಮಂಡಿ. ಅಣ್ಣ ಎಂಬವನು ಇರಲೇ ಇಲ್ಲ. ಅತ್ತೆ ಇದ್ದಳು, ಮಾರುಕಟ್ಟೆಯಿಂದ ಎರಡೂ ಕೈಯಲ್ಲಿ ಚೀಲ ಹೊತ್ತು ಅಳಿಯನಿಗಿಂತ ಮುಂದೆ ನಡೆಯುವ ಗಟ್ಟಿ ಹೆಂಗಸು. ಒಮ್ಮೆ ಅತ್ತೆಯ ಜೊತೆ ಹೋಗುತ್ತಿದ್ದಾಗ ಅಂಗಡಿಯವನು ಬಾಗಿಲಿಗೇ ಬಂದು, "ಸಾರ್, ಪಾಪ, ನಿಮ್ಮತ್ತೆ ಈಗ ಎದ್ದು ಕೂರ್ತಾರಾ?" ಎಂದು ಕೇಳಿಬಿಟ್ಟ.

"ಯಾರ ಅತ್ತೆ?" ಎಂದಳು ಅತ್ತೆ.

"ನನ್ನ ಸ್ನೇಹಿತನ ಅತ್ತೆ" ಎಂದು ಗವರ್ನರ್ ರಸ್ತೆ ದಾಟಿದ, ಬರುತ್ತಿದ್ದ ಬಸ್ಸನ್ನೂ ನೋಡದೆ.

ಹೆಂಡತಿಗೆ ಅನುಮಾನ ಬರದೇ ಇರಲಿಲ್ಲ. "ತುತ್ತು ಕೈಯಲ್ಲಿ ಹಿಡ್ಕೊಂಡೇ ನಿದ್ದೆ ಮಾಡ್ತಿದ್ದೀರಲ್ಲ, ಏನಿದು?" ಎಂದರೆ, "ದುಡಿಮೆ ಕಣೇ, ದುಡಿಮೆ" ಎನ್ನುತ್ತಿದ್ದ. ಕುಡುಕನಾಗಿದ್ದರೆ ವಾಸನೆ ಬರುತ್ತಿತ್ತು, ಜೂಜುಕೋರನಾಗಿದ್ದರೆ ಮನೆಯ ಸಾಮಾನು ಕರಗುತ್ತಿತ್ತು. ಇವನದು ಡಾಕ್ಟರೇ ಬರೆದುಕೊಟ್ಟ ಮರ್ಯಾದಸ್ಥರ ಮಾತ್ರೆ. ಚಟ ಎಂಬ ಮಾತು ಬೇರೆಯವರ ಮನೆಯ ಗಂಡಸರಿಗೆ ಮೀಸಲು ಎಂದು ಅವನು ನಂಬಿದ್ದ.

ಆದರೂ ಒಂದು ಬೆಳಿಗ್ಗೆ ಅವನಿಗೆ ವೈರಾಗ್ಯ ಬಂತು. ಇನ್ನು ಮೇಲೆ ಮಿತವಾಗಿ ಎಂದು ಪ್ರತಿಜ್ಞೆ ಮಾಡಿ, ಮಾತ್ರೆಗಳನ್ನೆಲ್ಲ ಒಂದು ತಗಡಿನ ಡಬ್ಬಿಗೆ ಹಾಕಿದ. ಅಂಥ ಪ್ರತಿಜ್ಞೆಗೆ ತಕ್ಕ ಬೀಗ ಬೇಡವೇ? ಮನೆಯಲ್ಲಿದ್ದ ಬೀಗಗಳೆಲ್ಲ ಪುಕ್ಕಲು. ಕೆಲಸದ ಬೀಗವನ್ನೇ ಸೊಂಟದಿಂದ ಬಿಚ್ಚಿ ಡಬ್ಬಿಗೆ ಜಡಿದು, ಕೀಲಿಯನ್ನು ತನ್ನ ಜೇಬಿಗೇ ಹಾಕಿಕೊಂಡ. ಕಳ್ಳನೂ ಅವನೇ, ಪೊಲೀಸೂ ಅವನೇ, ಜಾಮೀನು ಕೊಡುವ ನ್ಯಾಯಾಧೀಶನೂ ಅವನೇ. ಮುಚ್ಚುವ ಮೊದಲು, ದಾರಿಖರ್ಚಿಗೆಂದು, ಒಂದು ಹಿಡಿ ಜೇಬಿಗೆ ಸುರಿದುಕೊಂಡಿದ್ದ.

ಅಂದು ಕೆಲಸವಿದ್ದದ್ದು ಒಂದು ಹಳೆಯ ಕಚೇರಿ ಕಟ್ಟಡದಲ್ಲಿ. ಅದರ ಗುಂಡಿ ಆಳವಿಲ್ಲದ್ದು, ಗುಂಡಿಯೊಳಗಿನಿಂದಲೇ ಲಿಫ್ಟನ್ನು ನಿಲ್ಲಿಸುವ ಸ್ವಿಚ್ಚು ಯಾವುದೋ ಕಾಲದಲ್ಲಿ ಸತ್ತಿತ್ತು. ಇಳಿದವನ ಜೀವವೆಲ್ಲ ಮೇಲಿನ ಮುಖ್ಯ ಸ್ವಿಚ್ಚಿನಲ್ಲಿ.

ಗವರ್ನರ್ ಸ್ವಿಚ್ಚು ಆರಿಸಿ ಸೊಂಟಕ್ಕೆ ಕೈ ಹಾಕಿದ. ಬೀಗವಿಲ್ಲ. ಅದು ಮನೆಯಲ್ಲಿ ಡಬ್ಬಿ ಕಾಯುತ್ತಿತ್ತು. ಒಂದು ಕ್ಷಣ ಯೋಚಿಸಿದ. ಬೀಗ ಯಾತಕ್ಕೆ, ನಾನೇ ಕೂತಿದ್ದೀನಲ್ಲ ಎನ್ನಿಸಿತು.

"ಅಣ್ಣಾ, ಆಯ್ತಾ?" ಕೆಳಗಿನಿಂದ ಷಡ್ಡಕ ಕೂಗಿದ.

"ಬೀಗ ಬಿತ್ತು!" ಎಂದು ಬಾಯಿ ತಾನಾಗಿಯೇ ಕೂಗಿತು. ಅಷ್ಟು ವರ್ಷ ಕೂಗಿದ ಬಾಯಿ, ಅದಕ್ಕೆ ಯಜಮಾನನ ಅಪ್ಪಣೆ ಬೇಕಿರಲಿಲ್ಲ.

ಸಿಳ್ಳೆ ಶುರುವಾಯಿತು. ಗವರ್ನರ್ ಸ್ಟೂಲಿನ ಮೇಲೆ ಕುಳಿತು ಜೇಬಿನಿಂದ ದಾರಿಖರ್ಚು ತೆಗೆದ. ಕೋಣೆ ಬೆಚ್ಚಗಿತ್ತು. ಕಣ್ಣು ಮುಚ್ಚಿತು.

ಎಚ್ಚರವಾದಾಗ ಎದುರಿಗೆ ಸ್ವಿಚ್ಚು ಕಂಡಿತು. ಆರಿದೆ. ಮೇಲೆ ಬೀಗವಿಲ್ಲ. ಬೀಗವಿಲ್ಲವೆಂದರೆ ಕೆಲಸ ಮುಗಿದಿದೆ, ಅವನ ಕೈಗೆ ಗೊತ್ತಿದ್ದದ್ದು ಇಷ್ಟೇ. ತಲೆ ಇನ್ನೂ ಹಾಸಿಗೆಯಲ್ಲಿದ್ದಾಗಲೇ ಕೈ ಕೆಲಸಕ್ಕೆ ಹೋಗಿಬಿಟ್ಟಿತು. ಸ್ವಿಚ್ಚನ್ನು ಎತ್ತಿತು. ಕೆಳಗೆ ಯಾರೋ ಬಟನ್ ಒತ್ತಿದ್ದಿರಬೇಕು. ಮೋಟಾರು ಗುರ್ರೆಂದಿತು, ಹಗ್ಗಗಳು ಓಡತೊಡಗಿದವು, ಪೆಟ್ಟಿಗೆ ಇಳಿಯಿತು.

ಆಮೇಲೆ ಸಿಳ್ಳೆ ನಿಂತಿತು.

ಅಲ್ಲಿಯವರೆಗೆ ಸಿಳ್ಳೆ ಕೇಳುತ್ತಿತ್ತು ಎಂಬುದೇ ಅವನಿಗೆ ಗೊತ್ತಾದದ್ದು ಅದು ನಿಂತಾಗ. ಸ್ವಿಚ್ಚನ್ನು ಕೆಳಗೆಳೆದ. ಮೆಟ್ಟಿಲಲ್ಲಿ ಓಡಿದ. ಪ್ರತಿ ತಿರುವಿನಲ್ಲೂ ನಾದಿನಿಯ ಮುಖ ನಿಂತಿತ್ತು, "ಭಾವ, ಇವರೆಲ್ಲಿ?" ಎಂದು ಕೇಳುತ್ತಿತ್ತು. ತಳಮಹಡಿಗೆ ಬಂದ. ಬಾಗಿಲ ಸಂದಿಯಲ್ಲಿ, ಪೆಟ್ಟಿಗೆಯ ಅಡಿಯಲ್ಲಿ, ಕತ್ತಲು. ಆ ಕತ್ತಲಿನಿಂದ ಒಂದು ದನಿ ಬಂತು.

"ಯಾವನ್ರೀ ಅದು ಕರೆಂಟು ಕೊಟ್ಟೋನು! ನನ್ನ ಬೆನ್ನಿಗೆ ಇಸ್ತ್ರಿ ಆಗಿಹೋಯ್ತು!"

ಷಡ್ಡಕ ಎಣ್ಣೆರಾಡಿಯಲ್ಲಿ, ಪೆಟ್ಟಿಗೆಯನ್ನು ತಡೆಯುವ ಸ್ಪ್ರಿಂಗಿನ ಪಕ್ಕದ ಮೂಲೆಯಲ್ಲಿ, ನೆಲಕ್ಕೆ ಅಂಟಿದ ಕಾಗದದಂತೆ ಮಲಗಿದ್ದ. ಪೆಟ್ಟಿಗೆಯ ತಳ ಅವನ ಅಂಗಿಯನ್ನು ಮುಟ್ಟಿ ನಿಂತಿತ್ತು. ಸಣಕಲನಾಗಿದ್ದಕ್ಕೆ ಉಳಿದ. ಹೊರಗೆಳೆದಾಗ ನಗುತ್ತಿದ್ದ, ಹಲ್ಲು ಮಾತ್ರ ಕಟಕಟ ಎನ್ನುತ್ತಿತ್ತು. "ಸ್ವಿಚ್ಚು ತಾನಾಗೇ ಹಾರಿರಬೇಕು ಅಣ್ಣ. ಮುದಿ ಸ್ವಿಚ್ಚು. ನೀನು ಬೀಗ ಹಾಕಿದ್ಯಲ್ಲ."

ಗವರ್ನರ್ ಅವನ ಬೆನ್ನಿನ ಎಣ್ಣೆ ಒರೆಸತೊಡಗಿದ.

ಸಾಹೇಬರು ಬಂದು ವಿಚಾರಣೆ ನಡೆಸಿದರು. ಆರೋಪಿಯ ಸ್ಥಾನದಲ್ಲಿ ಸ್ವಿಚ್ಚು. ಅದರ ಮುಚ್ಚಳ ಬಿಚ್ಚಿ, ಟಾರ್ಚು ಹಾಕಿ, ಮೂಗು ಹತ್ತಿರ ಹಿಡಿದು ಮೂಸಿ, "ಇದೇ ಕಣಯ್ಯ, ಒಳಗೆಲ್ಲ ತುಕ್ಕು" ಎಂದು ತೀರ್ಪು ಕೊಟ್ಟರು. ಸ್ವಿಚ್ಚು ಏನೂ ಮಾತಾಡಲಿಲ್ಲ. ಕೋಣೆಯಲ್ಲಿ ಸುಮ್ಮನಿದ್ದವರು ಇಬ್ಬರು, ಅದೊಂದು, ಗವರ್ನರೊಬ್ಬ.

ಸಾಹೇಬರು ಹೋದ ಮೇಲೆ ಷಡ್ಡಕ ನಲ್ಲಿಯ ಕೆಳಗೆ ಕತ್ತಿನ ಎಣ್ಣೆ ತೊಳೆದುಕೊಳ್ಳುತ್ತಿದ್ದ. ಆಗ ಗವರ್ನರ್ ನೋಡಿದ್ದು ತನ್ನ ಬಲಗೈಯನ್ನು. ಅದು ಜೇಬಿನೊಳಗಿತ್ತು. ಮಾತ್ರೆ ಹುಡುಕುತ್ತಿತ್ತು. ಇದರಿಂದ ಒಬ್ಬ ಸತ್ತೇ ಹೋಗುತ್ತಿದ್ದ, ಆ ಹೆದರಿಕೆಗೆ ಔಷಧಿಯೆಂದು ಕೈ ಹುಡುಕುತ್ತಿದ್ದದ್ದೂ ಇದನ್ನೇ. ಕೈಗೆ ಹೇಳಿ ನೋಡಿದ, ಬೇಡ ಕಣೋ ಎಂದ. ಕೈ ಕೇಳಲಿಲ್ಲ. ನುಂಗಿದ.

ಮರುದಿನ ಛಲ ಬಂತು. ಒಂದೂ ಮುಟ್ಟುವುದಿಲ್ಲವೆಂದು ರಜೆ ಹಾಕಿ ಮಲಗಿದ. ಮಧ್ಯಾಹ್ನದ ಹೊತ್ತಿಗೆ ಆಕಳಿಕೆಯ ಮೇಲೆ ಆಕಳಿಕೆ, ದವಡೆ ಕಳಚಿ ಬೀಳುವಷ್ಟು. ಮೂಗು ಸೋರಿತು, ಕಣ್ಣು ಸೋರಿತು, ಮೈಯ ರೋಮವೆಲ್ಲ ಎದ್ದು ನಿಂತಿತು, ಕಾಲುಗಳು ಹಾಸಿಗೆಯನ್ನು ಯಾರದೋ ಹಗೆ ತೀರಿಸುವಂತೆ ಒದೆಯತೊಡಗಿದವು. ಹೊಟ್ಟೆ ಕಟ್ಟುಪಾಡು ಬಿಟ್ಟಿತು.

"ಫ್ಲೂ" ಎಂದಳು ಹೆಂಡತಿ, ಹಣೆ ಮುಟ್ಟಿ.

"ಫ್ಲೂನೇ" ಎಂದ ಅವನೂ, ಎಷ್ಟೋ ಆಸೆಯಿಂದ.

ಅವಳು ಅಡುಗೆಮನೆಗೆ ಹೋದಾಗ ತೆವಳಿಕೊಂಡು ಹೋಗಿ ಡಬ್ಬಿಯ ಬೀಗ ತೆಗೆದ. ನುಂಗಿ ಸ್ವಲ್ಪ ಹೊತ್ತಿಗೆಲ್ಲ ಮೂಗು ಒಣಗಿತು, ಕಾಲು ಸುಮ್ಮನಾಯಿತು, ಹಸಿವೂ ಆಯಿತು. ಎದ್ದು ಕುಳಿತ ಗಂಡನನ್ನು ನೋಡಿ ಹೆಂಡತಿ, "ಅಬ್ಬಾ, ಇಷ್ಟು ಬೇಗ ಇಳಿದುಹೋಯ್ತಲ್ಲ!" ಎಂದು ಖುಷಿಪಟ್ಟಳು.

ಅವನು ಒಣಗಿದ ಮೂಗನ್ನು ಮುಟ್ಟಿ ನೋಡಿಕೊಂಡ. ಯಾವ ಫ್ಲೂ ಹೀಗೆ ಹೇಳಿದ ಮಾತು ಕೇಳುತ್ತದೆ? ಹಗ್ಗ ಹರಿದು ಎಷ್ಟು ಹೊತ್ತಾಯಿತೋ, ತಾನು ಬೀಳುತ್ತಲೇ ಇದ್ದೇನೆ, ಕಚ್ಚಿ ಹಿಡಿಯುವ ಚಕ್ರ ಒಳಗೆಲ್ಲೂ ಇಲ್ಲ. ಬೇರೆಯವರ ಮನೆಯ ಗಂಡಸರಿಗೆ ಮೀಸಲಾಗಿದ್ದ ಆ ಮಾತು ಅವನ ಪಕ್ಕದಲ್ಲೇ ಹಾಸಿಗೆಯ ಮೇಲೆ ಬಂದು ಕುಳಿತಿತು.

ಆದರೆ ಗೊತ್ತಾಗುವುದು ಬೇರೆ, ಬಾಯಿಬಿಡುವುದು ಬೇರೆ. ಹೇಳಿದರೆ ಕೆಲಸ ಹೋಗುತ್ತದೆ, ಬಿರುದು ಹೋಗುತ್ತದೆ, ನಾದಿನಿ ಮುಖ ನೋಡುವುದಿಲ್ಲ. ಬೀಗವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೆ ಕೆಲಸಕ್ಕೆ ಹೋದ.

ಈ ಸಲ ಒಂದು ವಸತಿ ಕಟ್ಟಡ. ಮತ್ತೆ ಗುಂಡಿಯ ಕೆಲಸ. ಷಡ್ಡಕ ಕೆಳಗೆ ಬಾಗಿಲು ತೆರೆದು ಕಾಯುತ್ತಿದ್ದ. ಗವರ್ನರ್ ಮೇಲೆ ಸ್ವಿಚ್ಚು ಆರಿಸಿದ, ಬೀಗ ಜಡಿದ, ಎಳೆದು ನೋಡಿದ. ಬಿದ್ದಿದೆ. ಕೀಲಿ ಜೇಬಿನಲ್ಲಿದೆ. ಅದೇ ಜೇಬಿನಲ್ಲಿ ಮಾತ್ರೆಗಳೂ ಇವೆ. ಬೀಗವನ್ನು ಮತ್ತೆ ಎಳೆದು ನೋಡಿದ. ಇದೆ. ಆದರೆ ಮೊನ್ನೆಯೂ ಎಲ್ಲ ಸರಿಯಿದೆ ಎಂದೇ ಅನ್ನಿಸಿತ್ತಲ್ಲ? ಬೀಗ ಗಟ್ಟಿ. ಕೀಲಿ ಇರುವ ಕೈಯೇ ಮೊನ್ನೆಯ ಕೈ. ಇನ್ನೊಂದು ಗಳಿಗೆಗೆ ಕಣ್ಣು ಮುಚ್ಚಿ ತೆರೆದರೆ ಈ ಕೈ ಏನು ಮಾಡಿರುತ್ತದೆ ಎಂದು ಯಾವ ದೇವರು ಹೇಳಬಲ್ಲ?

"ಅಣ್ಣಾ, ಬೀಗ?"

ಬಾಯಿ ತೆರೆದ. ಅಷ್ಟು ವರ್ಷ ಅಪ್ಪಣೆ ಕೇಳದೆ ಕೂಗಿದ ಬಾಯಿ ಈಗ ಒಣಗಿ ನಿಂತಿತು.

"ಅಣ್ಣಾ? ಬೀಗ ಬಿತ್ತಾ? ಇಳೀಲಾ?"

"ಇಳೀಬೇಡ!" ಎಂಬ ಅರಚಾಟ ಕೊಳವೆಯ ತುಂಬ ಉರುಳಿತು. ಯಾವುದೋ ಮಹಡಿಯಲ್ಲಿ ನಾಯಿಯೊಂದು ಬೊಗಳತೊಡಗಿತು. "ಇಳೀಬೇಡ ಕಣೋ! ಅಲ್ಲೇ ನಿಲ್ಲು, ಬಂದೆ!"

ತಳಮಹಡಿಯ ಹೂಕುಂಡದ ಪಕ್ಕದಲ್ಲಿ, ನೆಲ ನೋಡುತ್ತ, ಗವರ್ನರ್ ಎಲ್ಲವನ್ನೂ ಹೇಳಿದ. ಬೀಗ ಮನೆಯಲ್ಲಿದ್ದದ್ದು, ಸುಳ್ಳು ಕೂಗಿದ್ದು, ನಿದ್ದೆ, ಕೈ. ಷಡ್ಡಕ ಮೊದಲು ನಕ್ಕ. "ಏನಣ್ಣ, ಬೆಳಿಗ್ಗೆ ಬೆಳಿಗ್ಗೆ ತಮಾಷೆ." ಆಮೇಲೆ ಮೆಟ್ಟಿಲ ಮೇಲೆ ಕುಳಿತುಬಿಟ್ಟ.

"ನಾನು ಸತ್ತಿದ್ರೆ?"

ಗವರ್ನರ್ ಹೂಕುಂಡದ ಒಣ ಎಲೆಯೊಂದನ್ನು ಕಿತ್ತ.

"ಕೇಳ್ತಿದ್ದೀನಿ. ನಾನು ಸತ್ತಿದ್ರೆ ನನ್ನ ಹೆಂಡ್ತಿಗೂ ಸ್ವಿಚ್ಚಿನ ಕಥೆನೇ ಹೇಳ್ತಿದ್ಯಾ? ಬಂದು ಅವಳ ತಲೆ ಸವರ್ತಿದ್ಯಾ?"

"ಹೇಳ್ತಿದ್ನೇನೋ" ಎಂದ ಗವರ್ನರ್. ಅದನ್ನು ಹೇಳುವಾಗ ಅವನಿಗೇ ತನ್ನ ಮೇಲೆ ಭಯವಾಯಿತು.

ಷಡ್ಡಕ ಎದ್ದು ಕೈ ಎತ್ತಿದ. ಹೊಡೆಯುತ್ತಾನೆಂದು ಗವರ್ನರ್ ಕಣ್ಣು ಮುಚ್ಚಿ ಕಾದ, ಹೊಡೆದರೆ ಚೆನ್ನಾಗಿತ್ತು ಎಂದೂ ಅನ್ನಿಸಿತು. ಷಡ್ಡಕ ಹೂಕುಂಡಕ್ಕೆ ಒದ್ದ. ಒದ್ದು ಕಾಲು ಹಿಡಿದುಕೊಂಡು ಕುಂಟಿದ. "ದರಿದ್ರ ಕಲ್ಲಿನ ಕುಂಡ! ... ಎಷ್ಟು ನುಂಗ್ತೀಯ?"

"ಸ್ವಲ್ಪ."

"ಅಣ್ಣಾ."

"ಜಾಸ್ತಿ. ಬಿಡೋಕೆ ನೋಡ್ದೆ. ಬಿಟ್ರೆ ಸತ್ತೇ ಹೋಗ್ತೀನಿ ಅನ್ಸುತ್ತೆ."

"ನಡಿ."

"ಎಲ್ಲಿಗೆ?"

"ಮೆರವಣಿಗೆಗೆ! ಎಲ್ಲಿಗೆ ಅಂತ ಕೇಳ್ತಾನೆ. ಡಾಕ್ಟ್ರ ಹತ್ರ. ಸಾಹೇಬ್ರಿಗೆ ಫೋನು ದಾರೀಲೇ ಮಾಡು. ನೀನೇ ಮಾಡ್ಬೇಕು, ನಾನಲ್ಲ."

ಫೋನಿನಲ್ಲಿ ಸಾಹೇಬರು ಎಲ್ಲವನ್ನೂ ಕೇಳಿಸಿಕೊಂಡರು. ಕಡೆಗೆ, "ಹೊಸ ಸ್ವಿಚ್ಚಿಗೆ ಆರ್ಡರ್ ಕೊಟ್ಟುಬಿಟ್ಟೆನಲ್ಲಯ್ಯ!" ಎಂದರು. ಆಮೇಲೆ ದನಿ ತಗ್ಗಿಸಿ, ಡಾಕ್ಟರು ಸರಿ ಎನ್ನುವವರೆಗೆ ಯಾವ ಲಿಫ್ಟಿನ ಹತ್ತಿರವೂ ಸುಳಿಯಬಾರದು, ಆಮೇಲಿನದು ಆಮೇಲೆ, ಕೆಲಸದ ಬಗ್ಗೆ ಮಾತು ಕೊಡಲಾರೆ ಎಂದರು.

ಆಸ್ಪತ್ರೆಯಲ್ಲಿ ಚಟ ಬಿಡಿಸುವ ವಿಭಾಗ ಮೇಲಿನ ಮಹಡಿಯಲ್ಲಿತ್ತು. ಇಬ್ಬರೂ ಲಿಫ್ಟಿನ ಮುಂದೆ ನಿಂತರು.

"ಇದನ್ನ ಕಳೆದ ಸಲ ಸರ್ವೀಸ್ ಮಾಡಿದ್ದು ಯಾರು?" ಎಂದು ಷಡ್ಡಕ ಕೇಳಿದ.

"ನಾನೇ."

"ಮೆಟ್ಟಿಲು ಹತ್ತೋಣ."

ತಮಾಷೆಗೆಂದೇ ಷಡ್ಡಕ ಹೇಳಿದ್ದು. ಆದರೆ ಗವರ್ನರ್ ಮೆಟ್ಟಿಲ ನಡುವೆ ನಿಂತುಬಿಟ್ಟ. ಗೋಡೆಯಾಚೆ ಹಗ್ಗ ಓಡುವ ಸದ್ದು, ಒಳಗೆ ಯಾರೋ ಮಗುವನ್ನು ಮಾತಾಡಿಸುತ್ತಿರುವ ಸದ್ದು. ಆ ಸರ್ವೀಸಿನ ದಿನ ಅವನಿಗೆ ಏನೂ ನೆನಪಿರಲಿಲ್ಲ. ಬೋಲ್ಟು ಬಿಗಿ ಮಾಡಿದ್ದನೋ ಇಲ್ಲವೋ. ಇದೊಂದೇ ಅಲ್ಲ, ಊರಿನ ತುಂಬ ಎಷ್ಟು ಪೆಟ್ಟಿಗೆಗಳು ತನ್ನ ಮರೆವಿನ ಮೇಲೆ ನೇತಾಡುತ್ತಿವೆ? ಗೋಡೆ ಹಿಡಿದು ಅಲ್ಲೇ ಕುಸಿದು ಕುಳಿತ. ಷಡ್ಡಕ ಮುಖ ನೋಡಿ ಎಲ್ಲ ಅರ್ಥಮಾಡಿಕೊಂಡು, ಸಾಹೇಬರಿಗೆ ಮತ್ತೆ ಫೋನು ಮಾಡಿ, ಇವನು ಮುಟ್ಟಿದ ಲಿಫ್ಟುಗಳನ್ನೆಲ್ಲ ಇವತ್ತೇ ನಿಲ್ಲಿಸಿ ಬೇರೆಯವರಿಂದ ನೋಡಿಸಿ ಎಂದ. ಸಾಹೇಬರ ಬೈಗುಳ ಮೂರು ಮೆಟ್ಟಿಲಾಚೆಗೂ ಕೇಳಿಸಿತು. ಆದರೆ ನಿಲ್ಲಿಸಿದರು.

ಡಾಕ್ಟರಮ್ಮ ದಪ್ಪ ಕನ್ನಡಕದ, ಅವಸರವಿಲ್ಲದ ಹೆಂಗಸು. ದಿನಕ್ಕೆ ಎಷ್ಟು ಎಂದು ಕೇಳಿದರು. ಗವರ್ನರ್ ಒಂದು ಸಂಖ್ಯೆ ಹೇಳಿದ. ಆಕೆ ಪೆನ್ನು ಎತ್ತಲಿಲ್ಲ, ಸುಮ್ಮನೆ ಕಾದರು. ಅವನು ಅದನ್ನು ಎರಡು ಪಟ್ಟು ಮಾಡಿದ. ಆಕೆ ಬರೆದುಕೊಂಡರು.

"ಒಂದೇ ಸಲ ನಿಲ್ಲಿಸೋಕೆ ಹೋಗಿದ್ರಲ್ಲ, ಅದು ನಿಮ್ಮಂಥೋರು ಎಲ್ಲರೂ ಮಾಡೋ ಪ್ರಯತ್ನ. ಒಬ್ಬರೇ ಹಾಗೆ ಮಾಡ್ಬೇಡಿ. ಇಲ್ಲಿರಿ ಕೆಲವು ದಿನ. ಆ ಸಂಕಟಕ್ಕೆ ಔಷಧಿ ಇದೆ, ನಿಧಾನವಾಗಿ ಇಳಿಸ್ತೀವಿ."

"ಮೇಡಂ, ನಾನು ಕೆಟ್ಟೋನಾ?"

"ನೀವು ಕಾಯಿಲೆಯೋರು. ಆ ದಿನ ಸುಳ್ಳು ಹೇಳಿದ್ದು ತಪ್ಪು, ಅದು ಬೇರೆ ಲೆಕ್ಕ. ಎರಡನ್ನೂ ಒಂದೇ ಚೀಲಕ್ಕೆ ತುಂಬ್ಕೋಬೇಡಿ, ಹೊರೋಕೆ ಆಗಲ್ಲ."

ಹೆಂಡತಿ ಬಟ್ಟೆಯ ಚೀಲ ಹಿಡಿದು ಬಂದಳು, ಜೊತೆಗೆ ಅವಳ ತಂಗಿ. ನಾದಿನಿ ವಾರ್ಡಿನ ಬಾಗಿಲಲ್ಲೇ ನಿಂತಳು, ಒಳಗೆ ಬರಲಿಲ್ಲ. ಹೆಂಡತಿ ಹಾಸಿಗೆಯ ಅಂಚಿನಲ್ಲಿ ಕುಳಿತು, "ಫ್ಲೂ ಅಂತ ಕಷಾಯ ಮಾಡಿಕೊಟ್ನಲ್ಲ, ಅದನ್ನ ಕುಡಿಯುವಾಗಲಾದ್ರೂ ಹೇಳ್ಬಾರ್ದಿತ್ತಾ?" ಎಂದಳು. ಅಷ್ಟು ಹೇಳಿ ಅವನ ಅಂಗಿಗಳನ್ನು ಮಡಿಸಿದಳು, ಬಿಚ್ಚಿ ಮತ್ತೆ ಮಡಿಸಿದಳು.

ಹೆಂಗಸರು ಹೋದ ಮೇಲೂ ಷಡ್ಡಕ ಕುರ್ಚಿಯಲ್ಲೇ ಇದ್ದ. "ಕ್ಷಮಿಸಿದ್ದೀನಿ ಅಂತ ಅಂದ್ಕೋಬೇಡ" ಎಂದ. "ನಿನ್ನ ಕೈಕೆಳಗೆ ಗುಂಡಿಗೆ ಇಳೀತೀನಾ ಅಂತಾನೂ ಕೇಳ್ಬೇಡ. ಗೊತ್ತಿಲ್ಲ ನನಗೆ. ಇವತ್ತು ಇಲ್ಲಿ ಕೂತಿದ್ದೀನಿ, ಅಷ್ಟೇ." ಹಾಗೆ ಹೇಳಿ, ಟೀ ತರುತ್ತೇನೆಂದು ಕುಂಟುತ್ತ ಹೊರಗೆ ಹೋದ.

ಸಂಜೆಯ ಬಿಸಿಲು ಕಿಟಕಿಯಲ್ಲಿ ಹಳದಿಯಾಗಿ ಬಿದ್ದಿತ್ತು. ಮೊದಲ ಆಕಳಿಕೆ ಬಂತು. ಅದರ ಹಿಂದೆಯೇ ರೋಮಗಳು ಎದ್ದವು. ಬರಲಿರುವುದು ಏನೆಂದು ಅವನಿಗೆ ಗೊತ್ತಿತ್ತು, ಔಷಧಿ ಕೊಟ್ಟಿದ್ದರೂ ಹೆದರಿಕೆಗೆ ಅದು ಗೊತ್ತಿರಲಿಲ್ಲ. ಕಾಲು ಒಂದೊಂದೇ ಒದೆತ ಶುರುಮಾಡಿತು. ಬಾಗಿಲು ತೆರೆದೇ ಇತ್ತು. ಕಾವಲುಗಾರನಿಲ್ಲ, ಬೀದಿಯಾಚೆ ಅವನು ಗೆದ್ದ ಔಷಧಿ ಅಂಗಡಿಗಳಲ್ಲಿ ಒಂದು ದೀಪ ಹಚ್ಚಿಕೊಂಡು ಕುಳಿತಿತ್ತು. ಅವನು ಎದ್ದು ಕುಳಿತ, ಚಪ್ಪಲಿ ಮೆಟ್ಟಿದ. ನಿಂತ. ಬಾಗಿಲವರೆಗೆ ಹೋಗಿ ವಾಪಸು ಬಂದ. ಮತ್ತೆ ಹೋದ. ಊರನ್ನೆಲ್ಲ ಏರಿಸಿ ಇಳಿಸಿದ ಮಹಾವೀರ, ಒಂದು ಹೊಸ್ತಿಲ ಮುಂದೆ ಬೆವರುತ್ತ ನಿಂತಿದ್ದ.

ವಾಪಸು ಬಂದು, ತಲೆದಿಂಬಿನ ಹತ್ತಿರ ನೇತಾಡುತ್ತಿದ್ದ ಕರೆಗಂಟೆಯನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿದ.

ನರ್ಸಮ್ಮ ಓಡಿ ಬಂದಳು. "ಏನಾಯ್ತು? ವಾಂತಿನಾ? ಎದೆ ನೋವಾ?"

"ಇಲ್ಲ ಸಿಸ್ಟರ್."

"ಮತ್ತೇನು?"

"ಹೆದರಿಕೆ ಆಗ್ತಿದೆ" ಎಂದ ಗವರ್ನರ್. "ತುಂಬಾ."

ಅವಳು ಅವನ ಕಾಲಿನ ಚಪ್ಪಲಿ ನೋಡಿದಳು, ತೆರೆದ ಬಾಗಿಲು ನೋಡಿದಳು. ಬಗ್ಗಿ ಒಂದೊಂದಾಗಿ ಚಪ್ಪಲಿ ಬಿಚ್ಚಿ, ಮಂಚದ ಕೆಳಗೆ ಸರಿಸಿ, ನಾಡಿ ಹಿಡಿದುಕೊಂಡು ಪಕ್ಕದಲ್ಲಿ ಕುಳಿತಳು.